ಯಾರನ್ನೂ ಕರೆಯಬಾರದ ಹಬ್ಬ

ಶನಿವಾರ ಬೆಳಿಗ್ಗೆ ಎದ್ದ ಕೂಡಲೇ ನಾನು ಮೊದಲು ನೋಡುವುದು ದೋಸೆ ಹಿಟ್ಟನ್ನು. ದೇವರ ಸರದಿ ಆಮೇಲೆ. ಇಂಗ್ಲೆಂಡಿನ ಈ ಮ್ಯಾಕಲ್ಸ್‌ಫೀಲ್ಡಿನಲ್ಲಿ ಜುಲೈ ತಿಂಗಳಲ್ಲೂ ಹಿಟ್ಟು ತನ್ನಷ್ಟಕ್ಕೆ ಹುಳಿ ಬರುವುದಿಲ್ಲ. ಮಹಡಿಯಲ್ಲಿ ಬಿಸಿನೀರಿನ ಸಿಲಿಂಡರ್ ಇರುವ ಕಪಾಟಿನೊಳಗೆ ಪಾತ್ರೆ ಇಟ್ಟು, ಮೇಲೊಂದು ಹಳೆಯ ಟವೆಲ್ ಹೊದಿಸಿ, ಮಗು ಮಲಗಿರುವ ಕೋಣೆಯ ಹಾಗೆ ಬಾಗಿಲನ್ನು ಮೆಲ್ಲಗೆ ಮುಚ್ಚಬೇಕು. ಆ ದಿನ ಹಿಟ್ಟು ಮುಚ್ಚಳವನ್ನು ಎತ್ತಿ ಟವೆಲಿಗೂ ಮೆತ್ತಿಕೊಂಡಿತ್ತು.

ಕೆಳಗಿಳಿದು ದೀಪ ಹಚ್ಚಿದೆ. ಡಿಕಾಕ್ಷನ್ ಇಳಿಯಲು ಬಿಟ್ಟು ಮುಂದಿನ ಕೋಣೆಯ ಪರದೆ ಸರಿಸಿದೆ. ನಮ್ಮದು ಸಾಲುಮನೆಗಳ ಬೀದಿ. ಒಂದು ಕಾಲದಲ್ಲಿ ರೇಷ್ಮೆ ನೇಯುವವರು ಇದ್ದ ಕೆಂಪು ಇಟ್ಟಿಗೆಯ ಮನೆಗಳು, ಗೋಡೆಗೆ ಗೋಡೆ ತಾಗಿಸಿಕೊಂಡು ಗುಡ್ಡ ಇಳಿಯುತ್ತವೆ. ಪ್ರತಿ ಮನೆಯ ಮುಂದೆ ಚಪ್ಪಡಿ ಹಾಸಿದ ಪುಟ್ಟ ಅಂಗಳ, ಮೊಣಕಾಲೆತ್ತರದ ಗೋಡೆ, ಕಸದ ಬಿನ್‌ಗಳು. ಬಲಗಡೆಯ ಮನೆಯ ಅಂಗಳ ಮಾತ್ರ ಆ ದಿನ ಬೇರೆಯಾಗಿತ್ತು. ಪ್ರತಿ ಚಪ್ಪಡಿಯ ಸುತ್ತಲೂ ಸುಣ್ಣದ ಬಿಳಿ ಗೆರೆ. ಹಿಂದಿನ ಸಂಜೆ ನಾನೂ ಮಗಳೂ ಮಂಡಿಯೂರಿ ಬಳಿದದ್ದು. ರಾತ್ರಿ ಮಳೆ ಬರಲಿಲ್ಲ, ಗೆರೆಗಳು ಒಣಗಿ ರಂಗೋಲಿಯ ಹಾಗೆ ಬೆಳ್ಳಗೆ ನಿಂತಿದ್ದವು.

ಆ ಮನೆಯ ಅಜ್ಜಿಯನ್ನು ನಾವು ಯಾಯಾ ಎನ್ನುತ್ತೇವೆ. ಗ್ರೀಕಿನಲ್ಲಿ ಯಾಯಾ ಎಂದರೂ ಅಜ್ಜಿಯೇ. ಅವರ ಊರು ಮಿಕೊನೊಸ್. ಈಗ ಆ ದ್ವೀಪ ಎಲ್ಲರಿಗೂ ಗೊತ್ತು: ಬಿಳಿ ಮನೆಗಳು, ನೀಲಿ ಕಿಟಕಿಗಳು, ಸಿರಿವಂತರ ಮದುವೆಗಳು, ಬೆಲೆ ಕೇಳಿದರೆ ಕಾಫಿಯೇ ಬೇಡ ಎನ್ನಿಸುವ ಹೋಟೆಲುಗಳು. ಆದರೆ ಯಾಯಾ ಹೇಳುವ ಮಿಕೊನೊಸ್ ಇದಲ್ಲ. "ನಾನು ಹುಟ್ಟಿದಾಗ ಅಲ್ಲಿ ಗಾಳಿ, ಕಲ್ಲು, ಈರುಳ್ಳಿ ಮೂರೇ ಇದ್ದದ್ದು. ಅದರಲ್ಲಿ ಈರುಳ್ಳಿ ಮಾತ್ರ ತಿನ್ನಬಹುದಿತ್ತು," ಎಂದು ಅವರು ಹೇಳುತ್ತಾರೆ.

ಅವರ ಅಪ್ಪನಿಗೆ ಒಂದು ದೋಣಿ ಇತ್ತು. ದ್ವೀಪದಿಂದ ದ್ವೀಪಕ್ಕೆ ಸಾಮಾನು ಸಾಗಿಸುವ ಕೆಲಸ. ಜುಲೈಯಲ್ಲಿ ಅಲ್ಲಿ ಉತ್ತರದಿಂದ ಒಂದು ಗಾಳಿ ಏಳುತ್ತದಂತೆ. ಆಕಾಶದಲ್ಲಿ ಒಂದು ತುಂಡು ಮೋಡವೂ ಇಲ್ಲದೆ, ಬಿಸಿಲಿನ ನಡುವೆಯೇ ಸಮುದ್ರ ಕೆರಳುತ್ತದೆ. ಅಂಥದ್ದೊಂದು ದಿನ ದೋಣಿ ಮಗುಚುವುದರಲ್ಲಿತ್ತು. ಆ ದಿನ ಯಾವ ಸಂತನ ದಿನವೋ ಆ ಸಂತನನ್ನೇ ಅಪ್ಪ ಕೂಗಿ ಕರೆದರು. ಬದುಕಿ ದಡ ಸೇರಿದರೆ ನಿನಗೊಂದು ಗುಡಿ ಕಟ್ಟುತ್ತೇನೆ, ಪ್ರತಿ ವರ್ಷ ಇದೇ ದಿನ ಬಾಗಿಲು ತೆರೆದಿಡುತ್ತೇನೆ, ನೀನು ಕಳಿಸು, ನಾನು ಉಣಿಸುತ್ತೇನೆ ಎಂದು ಹರಕೆ ಹೊತ್ತರು. ದೋಣಿ ದಡ ಸೇರಿತು. ಗುಡಿ ಎದ್ದಿತು.

ಈ ಹರಕೆಯ ಕಥೆ ಮೊದಲ ಸಲ ಕೇಳಿದಾಗ ನನಗೆ ಗ್ರೀಸ್ ದೇಶ ಸುರತ್ಕಲ್ಲಿನಷ್ಟು ಹತ್ತಿರವಾಯಿತು. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ನನ್ನ ಟೈಫಾಯ್ಡ್ ಇಳಿಯಲೆಂದು ಅಮ್ಮ ದೇವಸ್ಥಾನಕ್ಕೆ ಹೂವಿನ ಪೂಜೆಯನ್ನೂ ಚರ್ಚಿಗೆ ನನ್ನಷ್ಟೇ ಎತ್ತರದ ಮೇಣದಬತ್ತಿಯನ್ನೂ ಹೇಳಿಕೊಂಡಿದ್ದರು. ಯಾರಿಂದ ಗುಣವಾಯಿತೆಂದು ತಿಳಿಯದೆ ಎರಡನ್ನೂ ಸಲ್ಲಿಸಿದರು.

ಆದರೆ ಯಾಯಾ ಅವರ ಹರಕೆಯಲ್ಲಿ ಒಂದು ಗಂಟಿತ್ತು. ಯಾರನ್ನೂ ಕರೆಯುವಂತಿಲ್ಲ. ಕರೆಯುವುದು ಸಂತನ ಕೆಲಸ. ಮನೆಯವರು ಬಾಗಿಲು ತೆರೆದು, ದೋಣಿಯ ಗಂಟೆ ಬಾರಿಸಿ, ಕಾಯಬೇಕು. ಹೊರಗಿನವರು ಒಬ್ಬರಾದರೂ ಸೂರ್ಯ ಮುಳುಗುವುದರೊಳಗೆ ಹೊಸ್ತಿಲು ದಾಟಿ ಬಂದು ಉಣ್ಣಬೇಕು. ಅಲ್ಲಿಯವರೆಗೆ ಮನೆಯ ಹಿರಿಯರು ಬಾಯಿಗೆ ತುತ್ತು ಹಾಕುವಂತಿಲ್ಲ. ಮಿಕೊನೊಸ್‌ನಲ್ಲಿ ಇದು ಸುಲಭ. ಅಲ್ಲಿ ಮನೆಮನೆಗೊಂದು ಗುಡಿ, ಗುಡಿಗೊಂದು ಹಬ್ಬ, ಗಂಟೆಯ ಸದ್ದು ಕೇಳಿದರೆ ಜನ ತಾವಾಗಿಯೇ ಬರುತ್ತಾರೆ. ಯಾಯಾ ಮದುವೆಯಾಗಿ ಇಂಗ್ಲೆಂಡಿಗೆ ಬಂದ ಮೇಲೂ ಪ್ರತಿ ಜುಲೈಯಲ್ಲಿ ಮ್ಯಾಂಚೆಸ್ಟರಿನಿಂದ ವಿಮಾನ ಹತ್ತಿ ಹೋಗಿ ಹಬ್ಬ ಮಾಡಿ ಬರುತ್ತಿದ್ದರು. ಒಂದು ವರ್ಷವೂ ತಪ್ಪಿಸಿದವರಲ್ಲ. ಈ ವರ್ಷ ಹೃದಯದ ಡಾಕ್ಟರು ವಿಮಾನ ಬೇಡ ಎಂದುಬಿಟ್ಟರು. ಯಾಯಾಗೆ ಗಂಡ ಈಗಿಲ್ಲ, ಮಕ್ಕಳೂ ಇಲ್ಲ. ತಮ್ಮನ ಮಗನೊಬ್ಬನಿದ್ದಾನೆ, ಹಡಗಿನ ಕೆಲಸ, ಯಾವ ಸಮುದ್ರದಲ್ಲಿ ತೇಲುತ್ತಿದ್ದಾನೋ.

"ಹಾಗಾದರೆ ಇಲ್ಲೇ ಮಾಡುತ್ತೇನೆ," ಎಂದರು ಯಾಯಾ. "ಸಂತನಿಗೆ ನನ್ನ ಪೋಸ್ಟ್‌ಕೋಡ್ ಗೊತ್ತಿರುತ್ತದೆ."

ಸಂತನಿಗೆ ಗೊತ್ತಿರಬಹುದು. ಆದರೆ ಕರೆಯದೆ ಒಬ್ಬರ ಮನೆಗೆ ಹೋಗುವುದೆಂದರೆ ಈ ಬೀದಿಯವರಿಗೆ ಬಟ್ಟೆ ಇಲ್ಲದೆ ಹೊರಗೆ ಬಂದಷ್ಟೇ ನಾಚಿಕೆ. ಅದು ನನಗೆ ಚೆನ್ನಾಗಿ ಗೊತ್ತು.

"ಒಂದು ಕೆಲಸ ಮಾಡುವ," ಎಂದರು ನನ್ನ ಗಂಡ, ಕಾಫಿ ಹೀರುತ್ತ. ಅವರು ಇಲ್ಲಿಯ ಮಾತ್ರೆ ತಯಾರಿಸುವ ಕಾರ್ಖಾನೆಯಲ್ಲಿ ಇಂಜಿನಿಯರ್. ಎಲ್ಲಕ್ಕೂ ಒಂದು ಉಪಾಯ ಅವರಲ್ಲಿ ಇರುತ್ತದೆ. "ನಮ್ಮ ಕನ್ನಡದವರ ವಾಟ್ಸ್ಯಾಪ್ ಗ್ರೂಪಿಗೆ ಒಂದು ಮೆಸೇಜು ಹಾಕ್ತೇನೆ. ಊಟ ಉಂಟು ಅಂದ್ರೆ ಸಾಕು, ಮಧ್ಯಾಹ್ನದೊಳಗೆ ಬೀದಿ ತುಂಬ ಕಾರು ನಿಲ್ತದೆ."

"ಅದು ಕರೆದ ಹಾಗಾಗುದಿಲ್ವಾ ಮಾರಾಯ್ರೆ?"

"ಕರೆಯುದು ಅಲ್ಲ. ಮಾಹಿತಿ."

ಮಗಳು ಫೋನಿನಿಂದ ತಲೆ ಎತ್ತದೆ, "ಡ್ಯಾಡ್, ದಟ್ಸ್ ಚೀಟಿಂಗ್," ಎಂದಳು.

"ಮತ್ತೆ ಕರೀದೆ ಬರ್ಲಿಕ್ಕೆ ಇವರೆಂತ ನೊಣವಾ?" ಎಂದರು ಅವರು.

ನಗು ಬಂದರೂ ಅವರು ಹೇಳಿದ್ದು ನಮ್ಮ ಕಡೆಯ ಪ್ರಕಾರ ಸರಿಯೇ. ನಮ್ಮಲ್ಲಿ ಕರೆಯುವುದೇ ಅರ್ಧ ಹಬ್ಬ. ಮನೆಗೆ ಹೋಗಿ, ಕೂತು, ಕಾಫಿ ಕುಡಿದು, ಕುಂಕುಮ ಕೊಟ್ಟು, ಏಳುವಾಗ ಮತ್ತೊಮ್ಮೆ "ಖಂಡಿತ ಬರಬೇಕು" ಎನ್ನಬೇಕು. ನನ್ನ ಮದುವೆಗೆ ಒಬ್ಬ ದೊಡ್ಡಮ್ಮ ಬರಲಿಲ್ಲ. "ಫೋನಿನಲ್ಲಿ ಕರೆದದ್ದೂ ಒಂದು ಕರೆಯಾ?" ಎಂದು ಇಂದಿಗೂ ಕೇಳುತ್ತಾರೆ. ಅಂಥ ಊರಿನಲ್ಲಿ ಬೆಳೆದ ನಾನು ಆ ದಿನವೆಲ್ಲ ಬಾಯಿಗೆ ಬೀಗ ಹಾಕಿಕೊಂಡಿರಬೇಕಿತ್ತು.

ಕಾಫಿ ಮುಗಿಸಿ ಯಾಯಾ ಮನೆಗೆ ಹೋದೆ. ಅವರು ಆಗಲೇ ಕಪ್ಪು ರೇಷ್ಮೆಯ ಉಡುಪು ಹಾಕಿ, ಕಿವಿಗೆ ಸಣ್ಣ ಚಿನ್ನದ ಬಳೆಯಂಥ ಓಲೆ ಇಟ್ಟು, ತೋಳು ಮಡಚಿ ರೊಟ್ಟಿಯ ಹಿಟ್ಟು ನಾದುತ್ತಿದ್ದರು. ನಾನು ಈರುಳ್ಳಿ ಹೆಚ್ಚಲು ಕೂತೆ. ಅವರ ದ್ವೀಪದ ವಿಶೇಷ ಒಂದು ಪೈ: ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಈರುಳ್ಳಿ, ಹಸಿ ಚೀಸ್, ಮೇಲೆ ಧಾರಾಳ ಸಬ್ಬಸಿಗೆ ಸೊಪ್ಪು. ಓವನಿನಿಂದ ಆ ಪರಿಮಳ ಹೊರಟರೆ ನನಗೆ ನೇರ ಮಂಗಳೂರಿನ ಸೆಂಟ್ರಲ್ ಮಾರ್ಕೆಟಿನ ಸೊಪ್ಪಿನ ಬುಟ್ಟಿಗಳು ನೆನಪಾಗುತ್ತವೆ. ರೊಟ್ಟಿ, ಪೈ, ಆಲಿವ್, ಗುಲಾಬಿ ನೀರು ಹಾಕಿದ ಬಾದಾಮಿ ಉಂಡೆ. ಎಲ್ಲ ಸಿದ್ಧವಾದಾಗ ನಾನು ಮೆಲ್ಲಗೆ ಕೇಳಿದೆ, "ಯಾಯಾ, ನಾನು ಹೊರಗಿನವಳೇ ಅಲ್ಲವಾ? ಒಂದು ತುಂಡು ನಾನು ತಿಂದರೆ ಹರಕೆ ಸಂದಿತು. ನೀವೂ ತಿನ್ನಬಹುದು. ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿರಬಾರದು."

ಅವರು ನನ್ನ ಕೈ ಹಿಡಿದು ಮೂಸಿ ನೋಡಿದರು. "ಈರುಳ್ಳಿ ವಾಸನೆ. ಹೆಚ್ಚಿದವಳು ಮನೆಯವಳು. ನೀನು ಲೆಕ್ಕಕ್ಕಿಲ್ಲ, ಮಗಳೇ."

"ನನ್ನ ಗಂಡ?"

"ಮೇಜು ಹೊತ್ತು ತಂದವನು ಅವನೇ."

"ಮಗಳು?"

"ನೆಲಕ್ಕೆ ಸುಣ್ಣ ಬಳಿದಿಲ್ಲವಾ?"

ಹೀಗೆ ಸಹಾಯ ಮಾಡಲು ಹೋಗಿ ನಾವು ಮೂವರೂ ಕೆಲಸಕ್ಕೆ ಬಾರದವರಾದೆವು.

ಆ ಸುಣ್ಣದ ಗೆರೆಯ ಮೂಲವನ್ನು ನಾನು ಕಣ್ಣಾರೆ ಕಂಡಿದ್ದೆ. ಹಿಂದಿನ ವರ್ಷ ಮೇ ತಿಂಗಳ ಶಾಲೆ ರಜೆಯಲ್ಲಿ ನಾವು ಮಿಕೊನೊಸ್‌ಗೆ ಹೋಗಿದ್ದೆವು. ಗುಡಿಯಲ್ಲಿ ಒಂದು ದೀಪ ಹಚ್ಚಿ ಬನ್ನಿ ಎಂದು ಯಾಯಾ ಹೇಳಿದ್ದರು. ಅಲ್ಲಿಯ ಓಣಿಗಳು ಹೇಗಿವೆಯೆಂದರೆ, ಹಿಂದೆ ಕಡಲ್ಗಳ್ಳರು ನುಗ್ಗಿದರೆ ದಾರಿ ತಪ್ಪಿ ಸುತ್ತಲಿ ಎಂದೇ ಹಾವಿನಂತೆ ಹೊರಳಿಸಿ ಕಟ್ಟಿದ್ದಂತೆ. ಫೋನಿನ ನಕ್ಷೆ ಹಿಡಿದು ಮುಂದೆ ನಡೆದ ನನ್ನ ಗಂಡ ನಮ್ಮನ್ನು ಮತ್ತೆ ಮತ್ತೆ ಒಂದೇ ಮೀನಿನ ಕಟ್ಟೆಗೆ, ಅಲ್ಲಿ ಕಾಲೂರಿ ನಿಂತ ಒಂದೇ ಪೆಲಿಕನ್ ಹಕ್ಕಿಯ ಮುಂದೆ ತಂದು ನಿಲ್ಲಿಸುತ್ತಿದ್ದರು. ಕಡೆಗೆ ಹಕ್ಕಿಗೇ ನಮ್ಮ ಗುರುತು ಹತ್ತಿತ್ತು. ಕಳ್ಳರಿಗೆಂದು ಹೂಡಿದ ಬಲೆಗೆ ಮಂಗಳೂರಿನ ಇಂಜಿನಿಯರು ಸಿಕ್ಕಿಬಿದ್ದದ್ದನ್ನು ಮಗಳು ವಿಡಿಯೊ ಮಾಡಿಟ್ಟುಕೊಂಡಿದ್ದಾಳೆ.

ಆ ಓಣಿಗಳ ನೆಲದ ಪ್ರತಿ ಕಲ್ಲಿಗೂ ಬಿಳಿ ಅಂಚು. ಈಸ್ಟರ್‌ಗೆ ಮುಂಚೆ ಮನೆಮನೆಯವರು ಗೋಡೆ, ಮೆಟ್ಟಿಲು, ಕಲ್ಲಿನ ಸಂದು ಎಲ್ಲಕ್ಕೂ ಸುಣ್ಣ ಬಳಿಯುತ್ತಾರೆ. ಫೋಟೊ ತೆಗೆಯುವವರಿಗೆ ಅದು ಚೆಂದ. ಯಾಯಾ ಕಾಲದಲ್ಲಿ ಅದು ಕ್ರಿಮಿ ಬಾರದಿರಲೆಂದು ಮತ್ತು ಕತ್ತಲಲ್ಲಿ ದಾರಿ ಕಾಣಲೆಂದು. ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಗಿರಣಿಗಳೂ ಹಾಗೆಯೇ. ಈಗ ಅವುಗಳ ಮುಂದೆ ಮದುಮಕ್ಕಳು ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಹಿಂದೆ ಅವು ದಾರಿಹೋಕ ಹಡಗುಗಳಿಗೆ ಬೇಕಾದ ಧಾನ್ಯ ಬೀಸಿ, ದ್ವೀಪದವರ ಹೊಟ್ಟೆ ಹೊರೆಯುತ್ತಿದ್ದವು.

ಗುಡಿ ಸಿಕ್ಕಿದ್ದು ಒಂದು ಕೈಚೀಲದ ಅಂಗಡಿ ಮತ್ತು ಒಂದು ಬಾರಿನ ನಡುವೆ. ಬೀಗದ ಕೈ ಇದ್ದದ್ದು ಅಂಗಡಿಯ ಹುಡುಗಿಯ ಬಳಿ. ಒಳಗೆ ನಮ್ಮ ದೇವರ ಕೋಣೆಯಷ್ಟೇ ಜಾಗ. ಸಂತನ ಚಿತ್ರದ ಕೆಳಗೆ ತಗಡಿನಲ್ಲಿ ಕತ್ತರಿಸಿದ ಕಣ್ಣು, ಕಾಲು, ಪುಟ್ಟ ದೋಣಿ ತೂಗುತ್ತಿದ್ದವು. ಬೆಳ್ಳಿಯ ಕಣ್ಣು ಒಪ್ಪಿಸುವುದು ನಮ್ಮ ಊರಿನಲ್ಲೂ ಉಂಟಲ್ಲ! ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ದೀಪ ಹಚ್ಚಿದೆ. ಹೊರಗೆ ಬಾರಿನ ಡ್ರಮ್ಮಿನ ಸದ್ದಿಗೆ ತಗಡಿನ ಕಾಲುಗಳು ಕುಣಿಯುತ್ತಿದ್ದವು.

ಎದುರಿಗೆ ಸಮುದ್ರದಾಚೆ ಡೆಲೊಸ್ ಎಂಬ ಇನ್ನೊಂದು ದ್ವೀಪ. ಪುರಾತನ ಕಾಲದಲ್ಲಿ ಅದು ಎಷ್ಟು ಪವಿತ್ರವೆಂದರೆ ಅಲ್ಲಿ ಯಾರೂ ಹುಟ್ಟುವಂತಿರಲಿಲ್ಲ, ಸಾಯುವಂತಿರಲಿಲ್ಲ. ಬಸುರಿಯರನ್ನೂ ಕೊನೆಯುಸಿರಿನವರನ್ನೂ ಪಕ್ಕದ ದ್ವೀಪಕ್ಕೆ ಸಾಗಿಸುತ್ತಿದ್ದರಂತೆ. ಪುರುಡೂ ಇಲ್ಲ, ಸೂತಕವೂ ಇಲ್ಲ. "ಭಟ್ಟರಿಗೆ ವರ್ಷವಿಡೀ ರಜೆ," ಎಂದಿದ್ದರು ನನ್ನ ಗಂಡ. ಹೊರದೇಶದವರು ಮೊದಲು ಬಂದದ್ದು ಆ ಡೆಲೊಸ್‌ನ ಹಾಳುಬಿದ್ದ ಕಲ್ಲುಕಂಬಗಳನ್ನು ನೋಡಲಿಕ್ಕೆ. ಗಾಳಿ ಎದ್ದರೆ ದೋಣಿ ಹೊರಡದು. ಹಾಗಾಗಿ ಅವರು ಮಿಕೊನೊಸ್‌ನಲ್ಲೇ ದಿನಗಟ್ಟಲೆ ಉಳಿಯಬೇಕಾಗುತ್ತಿತ್ತು. ಹೋಟೆಲು ಇರಲಿಲ್ಲ. ಯಾಯಾ ಅವರ ಅಮ್ಮ ಮಕ್ಕಳನ್ನು ಮಂಚದಿಂದ ಎಬ್ಬಿಸಿ ನೆಲಕ್ಕೆ ಹಾಕಿ, ಆ ಮಂಚವನ್ನು ಪರದೇಶದವರಿಗೆ ಕೊಡುತ್ತಿದ್ದರು. ಹಾಗೆ ಗಾಳಿಗೆ ಸಿಕ್ಕಿ ಉಳಿದು, ಯಾಯಾ ಅವರ ಮಂಚದಲ್ಲಿ ಮಲಗಿ, ಬೆಳಿಗ್ಗೆ ಅವರ ಕೈಯ ಈರುಳ್ಳಿ ಪೈ ತಿಂದ ಒಬ್ಬ ಇಂಗ್ಲಿಷ್ ಯುವಕ ಡೆಲೊಸ್ ನೋಡಲೇ ಇಲ್ಲ. ಮ್ಯಾಕಲ್ಸ್‌ಫೀಲ್ಡಿನವನು. ಅವನನ್ನೂ ಯಾರೂ ಕರೆದಿರಲಿಲ್ಲ.

ಮಧ್ಯಾಹ್ನಕ್ಕೆ ಮುಂಚೆ ಯಾಯಾ ಮುಂಬಾಗಿಲನ್ನು ಹಾರು ಹೊಡೆದು ತೆರೆದು, ಪಕ್ಕದಲ್ಲಿ ಕುರ್ಚಿ ಹಾಕಿ ಕೂತರು. ಅಪ್ಪನ ದೋಣಿಯ ಹಿತ್ತಾಳೆ ಗಂಟೆಯನ್ನು ನನ್ನ ಕೈಗೆ ಕೊಟ್ಟರು. ನಾನು ಮಂಗಳಾರತಿಗೆ ಹೊಡೆಯುವ ಹಾಗೆ ಮೆಲ್ಲಗೆ, ನಯವಾಗಿ ಕಿಣಿಕಿಣಿ ಎನ್ನಿಸಿದೆ. ಎದುರು ಮನೆಯ ಬೆಕ್ಕು ಒಮ್ಮೆ ಕತ್ತು ತಿರುಗಿಸಿತು.

ಪಾರ್ಸೆಲ್ ತರುವ ಹೆಂಗಸು ವ್ಯಾನು ನಿಲ್ಲಿಸಿ ಇಳಿದಳು. ಯಾಯಾ ಬೆನ್ನು ನೆಟ್ಟಗೆ ಮಾಡಿದರು. ಆಕೆ ನೇರ ನಮ್ಮ ಮನೆಯ ಮೆಟ್ಟಿಲಿಗೆ ಪೆಟ್ಟಿಗೆ ಇಟ್ಟು, ಫೋಟೊ ಹೊಡೆದು, "ಆಹಾ, ಎಂಥ ಪರಿಮಳ ಲವ್!" ಎಂದು ಕೂಗಿ ವ್ಯಾನು ಹತ್ತಿದಳು. ಈ ಕಡೆಯವರ ಬಾಯಲ್ಲಿ ಎಲ್ಲರೂ 'ಲವ್', ನಮ್ಮ 'ಮಾರಾಯ್ತಿ'ಯ ಹಾಗೆ. ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಕೆಳಗಿನ ಮನೆಯ ಗಂಡಹೆಂಡತಿ ಬಂದರು. ಬಾಗಿಲೊಳಗಿನ ಮೇಜು ನೋಡಿದರು, ನೆಲದ ಬಿಳಿ ಗೆರೆ ನೋಡಿದರು, "ಒಳ್ಳೆ ಬಿಸಿಲು ಅಲ್ಲವಾ" ಎಂದು ನಕ್ಕು ದಾಟಿದರು. ಮೇಲಿನ ಮನೆಯ ಅಕ್ಕತಂಗಿಯರಂತೂ ನೋಡಿದರೆ ಆಸೆಪಟ್ಟಂತಾಗುತ್ತದೆ ಎಂಬಂತೆ ಆಚೆ ಬದಿಯ ಫುಟ್‌ಪಾತಿಗೆ ದಾಟಿ ನಡೆದರು. ಒಬ್ಬೊಬ್ಬರು ಹೋದ ಹಾಗೆಲ್ಲ "ಬನ್ನಿ, ಬನ್ನಿ" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ನನ್ನ ಗಂಡ ಕಿಸೆಯಲ್ಲಿ ಫೋನು ಮುಟ್ಟಿ ಮುಟ್ಟಿ ನೋಡುತ್ತಿದ್ದರು.

"ಬೇಡ," ಎಂದೆ ಕಣ್ಣಲ್ಲೇ.

ಹೊತ್ತು ಇಳಿಯಿತು. ಯಾಯಾ ಮುಖ ಬಿಳಿಚಿಕೊಂಡಿತು. ಬೆಳಿಗ್ಗೆಯ ಮಾತ್ರೆಯ ಜೊತೆ ಕುಡಿದ ಕಪ್ಪು ಕಾಫಿ ಬಿಟ್ಟರೆ ಅವರ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಸ್ವಲ್ಪ ಒರಗಿಕೊಳ್ಳಿ ಎಂದು ಒತ್ತಾಯ ಮಾಡಿ ಒಳಗಿನ ಸೋಫಾಕ್ಕೆ ಕರೆದುಕೊಂಡು ಹೋದೆ. ಕುರ್ಚಿಯ ಮೇಲೆ ಅವರ ಕಪ್ಪು ಶಾಲು ಹಾಗೆಯೇ ಉಳಿಯಿತು.

"ಅಪ್ಪ ಕೇಳುತ್ತಾರೆ," ಎಂದರು ಅವರು, ಛಾವಣಿ ನೋಡುತ್ತ. "ಎಷ್ಟು ಜನ ಬಂದಿದ್ದರು ಅಂತ ಕೇಳುತ್ತಾರೆ. ಏನು ಹೇಳಲಿ?"

ನನಗೆ ಅಳು ಬಂದ ಹಾಗಾಯಿತು. ಅಳುವ ಬದಲು ಗಂಟೆ ಎತ್ತಿಕೊಂಡು ಹೊರಗೆ ಹೋದೆ. ಕಾನ್ವೆಂಟಿನಲ್ಲಿ ಒಂದು ವರ್ಷ ಶಾಲೆಯ ಗಂಟೆ ಹೊಡೆಯುವ ಕೆಲಸ ನನ್ನದಾಗಿತ್ತು. ಮೊದಲ ದಿನ ನಾನು ಹೆದರಿ ಮೆಲ್ಲಗೆ ಹೊಡೆದಾಗ ಸಿಸ್ಟರ್ ಹೊರಗೆ ಬಂದು, "ಏನಮ್ಮ, ಗಂಟೆಗೆ ನೋವಾಗುತ್ತದೆ ಅಂತಾನಾ?" ಎಂದಿದ್ದರು. ಅದನ್ನು ನೆನೆಸಿಕೊಂಡು, ಸೀರೆಯ ಸೆರಗು ಸಿಕ್ಕಿಸಿ, ಕೈ ಪೂರ್ತಿ ಎತ್ತಿ ಹೊಡೆದೆ. ಬೀದಿಯ ಎರಡೂ ಬದಿಯ ಗೋಡೆಗಳು ಸದ್ದನ್ನು ಅತ್ತಿತ್ತ ಎಸೆದಾಡಿದವು. ಕೈ ಸೋಲುವವರೆಗೆ ಹೊಡೆದು, ಗಂಟೆಯನ್ನು ಕುರ್ಚಿಯ ಮೇಲಿಟ್ಟು, ನಾಚಿಕೆಯಾಗಿ ಒಳಗೆ ಓಡಿದೆ.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿದ್ದಿತು.

ಬಿನ್ ಅಂಕಲ್. ನಮ್ಮ ಎಡಗಡೆಯ ಮನೆಯವರಿಗೆ ನನ್ನ ಮಗಳು ಇಟ್ಟ ಹೆಸರು. ಯಾವ ವಾರ ಯಾವ ಬಣ್ಣದ ಬಿನ್ ಹೊರಗಿಡಬೇಕೆಂದು ಬೀದಿಗೆಲ್ಲ ಅವರೇ ದಿಕ್ಕು. ಸದ್ದು ಎಂದರೆ ಅವರಿಗೆ ಆಗದು. ನಾವು ಈ ಮನೆಗೆ ಬಂದ ಮೊದಲ ವಾರವೇ ಬಾಗಿಲು ತಟ್ಟಿ, "ಬೆಳಿಗ್ಗೆ ಬೆಳಿಗ್ಗೆ ನಿಮ್ಮ ಅಡುಗೆಮನೆಯಲ್ಲಿ ಯಾವ ಮರ ಕೊಯ್ಯುತ್ತೀರಿ?" ಎಂದು ಕೇಳಿದ್ದರು. ಅದು ಚಟ್ನಿಯ ಮಿಕ್ಸಿ. ಅಂದಿನಿಂದ ನಾನು ಮಿಕ್ಸಿಗೆ ಟವೆಲ್ ಸುತ್ತಿ ತಿರುಗಿಸುತ್ತೇನೆ. ಈಗ ಗಂಟೆಗೆ ಬೈಯಲು ಬಂದರು ಎಂದೇ ಅಂದುಕೊಂಡೆ.

ಅವರ ಕಾಲಲ್ಲಿ ಮನೆಯೊಳಗಿನ ಚಪ್ಪಲಿ. ಕೈಯಲ್ಲಿ ಫೋನು. "ಬಾಗಿಲು ಬೆಳಿಗ್ಗೆಯಿಂದ ತೆರೆದೇ ಇದೆ," ಎಂದರು ಅವರು. "ಕುರ್ಚಿ ಖಾಲಿ. ಯಾರೋ ಗಂಟೆ ಹೊಡೆದು ನಿಲ್ಲಿಸಿಬಿಟ್ಟರು. ಅವರು... ಹುಷಾರಾಗಿದ್ದಾರಾ? ಆಂಬುಲೆನ್ಸ್ ಕರೆಯಲಾ?"

ಆಗ ನನಗೆ ಹೊಳೆಯಿತು. ಮಿಕೊನೊಸ್‌ನಲ್ಲಿ ಬಾಗಿಲು ಹಾರು ಹೊಡೆದಿದ್ದರೆ ಒಳಗೆ ಬಾ ಎಂದು ಅರ್ಥ. ನಮ್ಮೂರಿನಲ್ಲಿ ಬಾಗಿಲು ಯಾವಾಗಲೂ ತೆರೆದಿರುತ್ತದೆ, ಅದಕ್ಕೆ ಅರ್ಥವೇ ಇಲ್ಲ. ಈ ಬೀದಿಯಲ್ಲಿ ಮುಂಬಾಗಿಲು ತೆರೆದೇ ಉಳಿದರೆ ಒಳಗೆ ಏನೋ ಅನಾಹುತವಾಗಿದೆ ಎಂದು ಅರ್ಥ. ಬೆಳಿಗ್ಗೆಯಿಂದ ನಾವು ಜನರನ್ನು ಬರಮಾಡಿಕೊಳ್ಳುತ್ತಿದ್ದೇವೆ ಎಂದುಕೊಂಡು ಹೆದರಿಸುತ್ತಿದ್ದೆವು!

ಸೋಫಾದಿಂದ ಯಾಯಾ ಎದ್ದು ಕೂತರು. "ಒಳಗೆ ಬಂದೆಯಾ?"

"ನಾನು ಬರೀ ನೋಡಿ ಹೋಗಲು—"

"ಎರಡೂ ಕಾಲು?"

ಅವರು ಕೆಳಗೆ ನೋಡಿಕೊಂಡರು. ಒಂದು ಚಪ್ಪಲಿ ಹೊಸ್ತಿಲ ಒಳಗೆ, ಒಂದು ಹೊರಗೆ. ಏನೆಂದು ತಿಳಿಯದೆ, ಮರ್ಯಾದೆಗೆಂದು, ಎರಡನೆಯದನ್ನೂ ಒಳಗಿಟ್ಟರು.

ಯಾಯಾ ಎದ್ದ ರಭಸ ನೋಡಿದ್ದರೆ ಹೃದಯದ ಡಾಕ್ಟರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ತಟ್ಟೆಯಲ್ಲಿ ರೊಟ್ಟಿ, ಪೈ, ಬಾದಾಮಿ ಉಂಡೆ ಎಲ್ಲ ಒಟ್ಟಿ ಅವರ ಕೈಗೆ ತುರುಕಿದರು. "ತಿನ್ನು."

"ನಾನು ಕೂರುವುದಿಲ್ಲ. ಈಗ ತಾನೆ ಚಹಾ ಕುಡಿದೆ."

"ನಿಂತೇ ತಿನ್ನು."

ಬಿನ್ ಅಂಕಲ್ ನನ್ನ ಕಡೆ ನೋಡಿದರು. ನಾನು ಕರೆಯುವಂತಿರಲಿಲ್ಲವೇ ಹೊರತು ಕೈ ಮುಗಿಯಬಹುದಿತ್ತು, ಮುಗಿದೆ. ಅವರು ಪೈಯ ಮೂಲೆಯನ್ನು ಕಚ್ಚಿದರು. ಅವರ ಹಲ್ಲು ಊರಿದ ಕ್ಷಣವೇ ಯಾಯಾ ರೊಟ್ಟಿಯ ಒಂದು ಚೂರು ಮುರಿದು ತಮ್ಮ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದರು. ಅವರ ಮುಖಕ್ಕೆ ಬಣ್ಣ ಬಂತು.

"ಹೇಗಿದೆ?"

"ಪರವಾಗಿಲ್ಲ," ಎಂದರು ಬಿನ್ ಅಂಕಲ್. ಈ ಕಡೆಯವರು ಅದಕ್ಕಿಂತ ಹೆಚ್ಚು ಹೊಗಳುವುದಿಲ್ಲ.

ಕೂರುವುದಿಲ್ಲ ಎಂದವರು ಹೊರಗೆ ಗಾಳಿಗೆಂದು ಅಂಗಳದ ಕುರ್ಚಿಯಲ್ಲಿ ಕೂತರು. ಗಂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಇನ್ನೊಂದು ತುಂಡು ತಿಂದರು. ಯಾರ ಮನೆಯಲ್ಲೂ ಕೂರದ ಬಿನ್ ಅಂಕಲ್, ಮನೆಯ ಚಪ್ಪಲಿಯಲ್ಲಿ, ಪಕ್ಕದವರ ಅಂಗಳದಲ್ಲಿ! ಬೀದಿಗೆ ಅಷ್ಟು ಸಾಕಾಯಿತು. ಮೊದಲು ಕಿಟಕಿಯ ಪರದೆಗಳು ಸರಿದವು. ಆಮೇಲೆ ಬಾಗಿಲುಗಳು. ತಳ್ಳುಗಾಡಿಯ ಗಂಡಹೆಂಡತಿ ಬಂದು, "ಎಲ್ಲ ಸರಿಯಿದೆಯಾ?" ಎಂದು ಕೇಳಿದರು.

"ಎಲ್ಲ ಸರಿ. ಇದನ್ನು ತಿಂದು ನೋಡಿ," ಎಂದರು ಬಿನ್ ಅಂಕಲ್.

"ಯಾಯಾ!" ಮಗಳು ಪಿಸುಗುಟ್ಟಿದಳು. "ಹೀ ಜಸ್ಟ್ ಇನ್ವೈಟೆಡ್ ದೆಮ್!"

"ಅವನು ಮನೆಯವನಾ?" ಎಂದರು ಯಾಯಾ, ಬೆರಳಿಗಂಟಿದ ಚೀಸ್ ನೆಕ್ಕುತ್ತ. "ಅತಿಥಿಯ ಬಾಯಿಗೆ ನಾನು ಜವಾಬ್ದಾರಳಲ್ಲ."

ಆಮೇಲೆ ಯಾರು ಯಾವಾಗ ಬಂದರೆಂದು ನನಗೆ ನೆನಪಿಲ್ಲ. ಆಚೆ ಬದಿಗೆ ದಾಟಿ ನಡೆದಿದ್ದ ಅಕ್ಕತಂಗಿಯರು ತಮ್ಮದೇ ಕುರ್ಚಿ ಹೊತ್ತು ಬಂದರು. ಮಕ್ಕಳು ಸುಣ್ಣದ ಗೆರೆ ತುಳಿಯದೆ ಚಪ್ಪಡಿಯಿಂದ ಚಪ್ಪಡಿಗೆ ಹಾರುವ ಆಟ ಕಂಡುಹಿಡಿದರು. ಕೆಲಸ ಮುಗಿಸಿ ಖಾಲಿ ವ್ಯಾನಿನಲ್ಲಿ ಮರಳುತ್ತಿದ್ದ ಪಾರ್ಸೆಲ್ ಹೆಂಗಸು ಜನ ನೋಡಿ ನಿಲ್ಲಿಸಿದಳು. "ಇಡೀ ದಿನ ಆ ಪರಿಮಳ ಮೂಗಿನಲ್ಲೇ ಇತ್ತು," ಎಂದಳು. ಯಾಯಾ ಒಬ್ಬೊಬ್ಬರಿಗೂ ದೋಣಿಯ ಕಥೆ ಹೇಳಿದರು. ಹೇಳಿದ ಹಾಗೆಲ್ಲ ಅಲೆ ಇಷ್ಟಿಷ್ಟೇ ಎತ್ತರವಾಗುತ್ತ ಹೋಯಿತು. ಮಿಕೊನೊಸ್‌ನಲ್ಲಿ ಕುಡಿದು ಕುಣಿದದ್ದನ್ನು ಬಿಟ್ಟರೆ ಬೇರೇನೂ ನೆನಪಿಲ್ಲ ಎಂದ ಒಬ್ಬ ಯುವಕನಿಗೆ, "ನೀನು ಕುಣಿದ ಜಾಗದಲ್ಲಿ ನಾವು ಈರುಳ್ಳಿ ಒಣಗಿಸುತ್ತಿದ್ದೆವು," ಎಂದರು.

ಪೈ ಮುಗಿಯಿತು. ರೊಟ್ಟಿ ಮುಗಿಯಿತು. ಇನ್ನೂ ಜನ ನಿಂತಿದ್ದರು. ಬಂದವರನ್ನು ಬರಿಗೈಯಲ್ಲಿ ಕಳಿಸಿದರೆ ಹರಕೆಗೆ ಮುಕ್ಕು ಎಂದು ಯಾಯಾ ನನ್ನ ಮುಖ ನೋಡಿದರು. ನಾನು ಗಂಡನ ಮುಖ ನೋಡಿದೆ.

"ದೋಸೆ ಹಿಟ್ಟು ಉಂಟಲ್ಲ!" ಎಂದರು ಅವರು. ವಾಟ್ಸ್ಯಾಪ್ ಬಿಟ್ಟರೆ ಅವರ ಅಂದಿನ ಒಂದೇ ಉಪಾಯ ಅದು, ಆದರೆ ಒಳ್ಳೆಯದು.

ಭಾನುವಾರಕ್ಕೆಂದು ಇಟ್ಟ ಹಿಟ್ಟು ನಮ್ಮ ಮನೆಯ ಫ್ರಿಜ್ಜಿನಿಂದ ಬಂತು. ಗುಳಿಯಪ್ಪದ ಕಾವಲಿ ಹೊರಬಂತು. ಯಾಯಾ ಒಲೆಯಲ್ಲಿ, ಅವರ ಆಲಿವ್ ಎಣ್ಣೆ ಬಿಟ್ಟು, ಈರುಳ್ಳಿಯನ್ನೂ ಉಳಿದ ಸಬ್ಬಸಿಗೆ ಸೊಪ್ಪನ್ನೂ ಹಿಟ್ಟಿಗೆ ಕಲಸಿ ನಾನು ಗುಳಿಗುಳಿಗೆ ಸುರಿದೆ. ಕಾಯಿ ಚಟ್ನಿ ಬೇಕಿತ್ತು. ಮನೆಯಿಂದ ತಂದ ಮಿಕ್ಸಿಗೆ ಟವೆಲ್ ಸುತ್ತುವಷ್ಟು ಹೊತ್ತು ಇರಲಿಲ್ಲ. ಹಾಗೆಯೇ ತಿರುಗಿಸಿದೆ. ಹೊರಗೆ ಬಿನ್ ಅಂಕಲ್ ಪಕ್ಕದವರಿಗೆ, "ಅದಾ? ಅದು ಅವರ ಮರ ಕೊಯ್ಯುವ ಯಂತ್ರ. ಗಾಬರಿಯಾಗಬೇಡಿ," ಎನ್ನುವುದು ಕೇಳಿಸಿತು.

ಯಾಯಾ ಮೊದಲ ಅಪ್ಪವನ್ನು ಅಡುಗೆಮನೆಯ ಗೂಡಿನಲ್ಲಿದ್ದ ಸಂತನ ಚಿತ್ರದ ಮುಂದಿಟ್ಟು, ಎರಡನೆಯದನ್ನು ತಾವು ತಿಂದರು. "ಸಂತ ಹಡಗಿನವರ ಜೊತೆ ಓಡಾಡುವವನು. ಎಲ್ಲ ಊರಿನದ್ದೂ ತಿಂದು ಅಭ್ಯಾಸ," ಎಂದರು.

ಸೂರ್ಯ ಗುಡ್ಡದ ಹಿಂದೆ ಇಳಿದ ಮೇಲೆ ಒಬ್ಬೊಬ್ಬರೇ ಹೊರಟರು. ಈಗ ಯಾಯಾ ಎಲ್ಲರಿಗೂ ಕೈಬೀಸುತ್ತಿದ್ದರು, ತುಟಿ ಮಾತ್ರ ಅಪ್ಪನಿಗೆ ಲೆಕ್ಕ ಒಪ್ಪಿಸುವ ಹಾಗೆ ಅಲ್ಲಾಡುತ್ತಿತ್ತು. ಅವರನ್ನು ಮಲಗಲು ಕಳಿಸಿ, ಮಾತ್ರೆ ಕೊಟ್ಟು, ಕೊನೆಗೂ ಆ ಬಾಗಿಲನ್ನು ಎಳೆದುಕೊಂಡು ನಾನು ಹೊರಗೆ ಬಂದೆ.

ಅಂಗಳದಲ್ಲಿ ಬಿನ್ ಅಂಕಲ್ ಒಬ್ಬರೇ ಇದ್ದರು. ನಾವು ರಾಶಿ ಹಾಕಿದ್ದ ಕಾಗದದ ತಟ್ಟೆಗಳನ್ನು ಒಂದೊಂದಾಗಿ ನೋಡಿ, ಎಣ್ಣೆ ಹತ್ತಿದ್ದು ಒಂದು ಬಿನ್‌ಗೆ, ಹತ್ತದ್ದು ಇನ್ನೊಂದಕ್ಕೆ ಹಾಕುತ್ತಿದ್ದರು. ಗಂಟೆಯನ್ನು ಗೋಡೆಯ ಮೇಲೆ ಒರೆಸಿ ಇಟ್ಟಿದ್ದರು. ಅದನ್ನು ಎತ್ತಿಕೊಳ್ಳುತ್ತ, "ಇವತ್ತು ಸದ್ದು ಜಾಸ್ತಿಯಾಯಿತು, ಕ್ಷಮಿಸಿ," ಎಂದೆ.

ಅವರು ಬಿನ್ ಮುಚ್ಚಳ ಮುಚ್ಚಿ, ಅದನ್ನು ತಳ್ಳಿಕೊಂಡು ಹೊರಟರು. ತಮ್ಮ ಬಾಗಿಲ ಹತ್ತಿರ, ತಿರುಗಿ ನೋಡದೆಯೇ ಹೇಳಿದರು:

"ಮುಂದಿನ ವರ್ಷ ಸ್ವಲ್ಪ ಜೋರಾಗಿ ಹೊಡಿ ಲವ್. ಹಿಂದಿನ ಬೀದಿಯವರಿಗೆ ಕೇಳಿಸಲೇ ಇಲ್ಲವಂತೆ."